ಹೆಸರು ಹೇಳಬಾರದ ದಂಡೆಗೆ ಮೂರು ಬಸ್ಸು

ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸು ಆರು ಗಂಟೆಗೆ. ನಾನು ಐದೂಕಾಲಿಗೇ ನಿಲ್ದಾಣದಲ್ಲಿದ್ದೆ. ಏಪ್ರಿಲ್ ತಿಂಗಳು, ಅಷ್ಟು ಬೆಳಿಗ್ಗೆಯೂ ಗಾಳಿ ಬೆಚ್ಚಗಿತ್ತು. ಕಟ್ಟೆಯ ಮೇಲೆ ಕುಳಿತೆ, ಎದ್ದೆ, ಚಹಾ ಕುಡಿದೆ, ಮತ್ತೆ ಕುಳಿತೆ. ನಿಂಬೆಕಾಯಿ ಚೀಲಗಳ ಜೊತೆ ಕಾಯುತ್ತಿದ್ದ ಹಿರಿಯರೊಬ್ಬರು ನನ್ನ ಚಡಪಡಿಕೆ ನೋಡಲಾರದೆ, "ಯಾರರೆ ದವಾಖಾನಿಯೊಳಗ ಅದಾರೇನ್ರಿ?" ಎಂದು ಕೇಳಿಯೇಬಿಟ್ಟರು. "ಇಲ್ರಿ, ಹಕ್ಕಿ ಸಲುವಾಗಿ ಹೊಂಟೇನಿ," ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಚೀಲಗಳನ್ನು ಸ್ವಲ್ಪ ಆಚೆ ಎಳೆದುಕೊಂಡರು.

ಇಂಡಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು, ಇವು ಹೊಟ್ಟೆಪಾಡಿಗೆ. ಉಳಿದ ಹೊತ್ತಿನಲ್ಲಿ ನಾನು ನಮ್ಮ ಪಕ್ಷಿ ಬಳಗದ ಕಾರ್ಯದರ್ಶಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕು ತಾಲೂಕಿನವರು ಸೇರಿ ಕಟ್ಟಿಕೊಂಡ ಬಳಗ ಅದು. ತಿಂಗಳಿಗೊಮ್ಮೆ ಒಂದೊಂದು ಊರಿನ ಕೆರೆಗೆ ಹೋಗಿ ಹಕ್ಕಿ ಎಣಿಸುತ್ತೇವೆ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳುತ್ತೇವೆ, ಬೇಸಿಗೆಯಲ್ಲಿ ಗೂಡು ಕಾಯುತ್ತೇವೆ. ಬಳಗದ ಮೊದಲ ನಿಯಮ: ಗೂಡಿನ ಜಾಗ ಹೊರಗಿನವರಿಗೆ ಹೇಳಬಾರದು. ಅದನ್ನು ರಿಜಿಸ್ಟರಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದವನು ನಾನೇ. ಆದ್ದರಿಂದ ನಾನು ಹೊರಟಿದ್ದ ದಂಡೆಯ ಹೆಸರು ಈ ಬರಹದಲ್ಲಿ ಬರುವುದಿಲ್ಲ.

ಮುದ್ದೇಬಿಹಾಳ ತಾಲೂಕಿನ ಒಂದು ಕಡೆ, ಬೇಸಿಗೆಯಲ್ಲಿ ಕೃಷ್ಣೆಯ ಹಿನ್ನೀರು ಇಳಿದಾಗ ನಡುವೆ ಉಸುಕಿನ ದಿಬ್ಬವೊಂದು ಏಳುತ್ತದೆ. ಅಲ್ಲಿ ನದಿ ರೀವಗಳು ಮೊಟ್ಟೆ ಇಡುತ್ತವೆ. ಕರಿ ಟೊಪ್ಪಿಗೆ, ಹಳದಿ ಕೊಕ್ಕು, ಕತ್ತರಿ ಬಾಲದ ಹಕ್ಕಿ. ಗೂಡು ಎನ್ನುವಂಥದ್ದೇನೂ ಇಲ್ಲ, ಉಸುಕಿನಲ್ಲಿ ಒಂದು ಕುಳಿ, ಅಷ್ಟೇ. ಆ ದಂಡೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವ ಶಾಂತವ್ವ ನಮ್ಮ ಬಳಗದ ಕಾವಲು ಸದಸ್ಯೆ. ಮಾರ್ಚ್ ಕೊನೆಯಲ್ಲಿ ಬಿಸಿಲೇರುವ ಮೊದಲು ಆಕೆಯೇ ನನ್ನನ್ನು ದಿಬ್ಬದ ಹತ್ತಿರ ಕರೆದೊಯ್ದು, ಎರಡೇ ನಿಮಿಷ ನಿಲ್ಲಿಸಿ, ವಾಪಸು ತಂದಿದ್ದಳು. ಆ ಎರಡು ನಿಮಿಷದ ಒಂದು ಫೋಟೊವನ್ನು ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಚೆನ್ನಾಗಿ ಬಂದಿತ್ತು, ಹೊಗಳಿಕೆಯ ಆಸೆ ಯಾರಿಗಿಲ್ಲ, ಸ್ಟೇಟಸ್‌ಗೂ ಹಾಕಿದೆ. ಜಾಗದ ಹೆಸರು ಮಾತ್ರ ಹಾಕಲಿಲ್ಲ.

ವಾರದೊಳಗೆ ಆ ದಂಡೆಗೆ ಕಾರುಗಳು ಬಂದವು. ಉದ್ದ ಲೆನ್ಸಿನವರು ದಿಬ್ಬದ ಮೇಲೆ ಇಳಿದು ಮಲಗಿ ಫೋಟೊ ತೆಗೆದರಂತೆ. ನಮ್ಮ ಗುಂಪಿನಲ್ಲಿ ಬೆಂಕಿ ಹತ್ತಿತು. "ತೆಪ್ಪದ ಬಾಡಿಗಿ ಆಸೆಕ್ಕ ಆ ಶಾಂತವ್ವನ ಹೇಳಿರಬೇಕು," ಎಂದು ಒಬ್ಬರು ಬರೆದರು. ಅದಕ್ಕೆ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ನಾನೂ ಒತ್ತಿದೆ. ಅಷ್ಟೇ ಅಲ್ಲ, ಕಾರ್ಯದರ್ಶಿಯ ಗತ್ತಿನಲ್ಲಿ ಆಕೆಯ ನಂಬರನ್ನು ಗುಂಪಿನಿಂದ ತೆಗೆದುಹಾಕಿದೆ. ಯಾರೂ ಆಕೆಯನ್ನು ಒಂದು ಮಾತು ಕೇಳಲಿಲ್ಲ.

ಪ್ರಯಾಣದ ಹಿಂದಿನ ದಿನ ಅದೇ ಫೋಟೊವನ್ನು ಕಟ್ಟು ಹಾಕಿಸಲೆಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತಿದ್ದೆ. ಹಕ್ಕಿಯ ರೆಕ್ಕೆಯ ಹಿಂದೆ, ಎಡ ಮೂಲೆಯಲ್ಲಿ, ನೀರಿನಿಂದ ಅರ್ಧ ಮೇಲೆದ್ದ ಕಲ್ಲೊಂದು ಕಂಡಿತು. ಇನ್ನೂ ದೊಡ್ಡದು ಮಾಡಿದೆ. ಆನೆಯ ಕೆತ್ತನೆ. ಮುಳುಗಿದ ಊರೊಂದರ ಅಗಸಿಯ ಕಲ್ಲು ಅದು, ಊರ ಬಾಗಿಲಿನದು. ಆ ಸೀಮೆಯಲ್ಲಿ ಅದನ್ನು ಗುರುತಿಸದವರಿಲ್ಲ. ನಾನು ಹಕ್ಕಿಯನ್ನು ನೋಡುತ್ತಿದ್ದೆ, ಕಲ್ಲನ್ನು ನೋಡಿರಲೇ ಇಲ್ಲ. ಮರುದಿನ ಎಚ್ಚರಿಕೆಯ ಫಲಕ ನೆಡಲು ನಾನು ಹೋಗಬೇಕಿದ್ದುದು ಆ ದಂಡೆಗೇ, ಶಾಂತವ್ವನ ಹತ್ತಿರಕ್ಕೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಂತಿಯ ಮೇಲೆ ನೀಲಕಂಠ, ಕಾಜಾಣ, ನೇಗಿಲು ಹೊಡೆದ ಕರಿನೆಲದಲ್ಲಿ ಟಿಟ್ಟಿಭ. ಬೇರೆ ದಿನವಾಗಿದ್ದರೆ ಪುಟ್ಟ ಪುಸ್ತಕ ತೆಗೆದು ಬರೆಯುತ್ತಿದ್ದೆ. ಅಂದು ಫೋನು ತೆಗೆದು ಶಾಂತವ್ವನ ನಂಬರು ನೋಡುವುದು, ಮತ್ತೆ ಜೇಬಿಗಿಡುವುದು, ಇದೇ ಕೆಲಸ. ತಾಂಬಾದಲ್ಲಿ ಡ್ರೈವರು ಚಹಾಕ್ಕೆಂದು ಇಳಿದವರು ಬರಲೇ ಇಲ್ಲ. ಹೋಗಿ ಕರೆಯಲೆಂದು ಎದ್ದರೆ ಕಂಡಕ್ಟರ್, "ಸಾವಕಾಶ ಕುಂದರ್ರಿ, ಸಿಂದಗಿ ಎಲ್ಲೂ ಓಡಿ ಹೋಗೂದಿಲ್ಲ," ಎಂದ.

ಸಿಂದಗಿಯಲ್ಲಿ ಬೋರ್ಡು ಬರೆಯುವ ಮಲ್ಲಿನಾಥನ ಅಂಗಡಿಗೆ ಹೋದೆ. ನಮ್ಮ ಬಳಗದ ಹಳೆಯ ಸದಸ್ಯ. ದಂಡೆಯಲ್ಲಿ ನೆಡಲೆಂದು ಎರಡು ತಗಡಿನ ಫಲಕ ಬರೆದಿಟ್ಟಿದ್ದ. ಕೆಂಪು ಅಕ್ಷರ, ಪಕ್ಕದಲ್ಲಿ ಹಕ್ಕಿಯ ಚಿತ್ರ: "ಎದುರಿನ ದಿಬ್ಬದಲ್ಲಿ ಅಪರೂಪದ ಹಕ್ಕಿಗಳ ಮೊಟ್ಟೆಗಳಿವೆ. ದಯವಿಟ್ಟು ಹೋಗಬೇಡಿ." ಮಿರ್ಚಿ ಭಜಿ ತರಿಸಿದ. ನಾನು ತಟ್ಟೆಯನ್ನು ಅವನ ಕಡೆಗೇ ಸರಿಸಿದೆ.

"ಆ ಹೆಣ್ಮಗಳನ್ನ ತಗದದ್ದು ಛಲೋ ಆತು ನೋಡ್ರಿ ಶಿವಪುತ್ರಣ್ಣ," ಎಂದ ಮಲ್ಲಿನಾಥ. "ನಂಬಿಗಿ ಇಲ್ಲಂದ ಮ್ಯಾಲ ಏನೈತಿ?"

"ಹೂಂ," ಎಂದೆ. ಹೇಳಬೇಕೆಂದು ಬಾಯಿ ತೆರೆದವನು ನೀರು ಕುಡಿದು ಎದ್ದುಬಿಟ್ಟೆ. ನಾಚಿಕೆಗೇಡಿ ಕೆಲಸ. ಬಸ್ ನಿಲ್ದಾಣದವರೆಗೂ ನನ್ನನ್ನು ನಾನೇ ಬೈದುಕೊಂಡೆ.

ಎರಡನೆಯ ಬಸ್ಸು ದೇವರ ಹಿಪ್ಪರಗಿ ಮೇಲೆ ಹಾಯ್ದು ಬಾಗೇವಾಡಿಗೆ. ತಗಡಿನ ಫಲಕಗಳು ಕಾಲಿಗೆ ಬಡಿಯುತ್ತ ಪ್ರತಿ ತಗ್ಗಿಗೂ ಸದ್ದು ಮಾಡಿದವು. ಹನ್ನೊಂದಕ್ಕೇ ಕಿಟಕಿಯ ಸರಳು ಮುಟ್ಟಿದರೆ ಚುರುಕ್ಕೆನ್ನುತ್ತಿತ್ತು. ದಿಬ್ಬದ ಮೇಲಿನ ಉಸುಕು ಎಷ್ಟು ಕಾದಿರಬೇಕು ಎಂಬ ಲೆಕ್ಕವೇ ತಲೆಯಲ್ಲಿ. ಇಂಥ ಬಿಸಿಲಿನಲ್ಲಿ ತಾಯಿಹಕ್ಕಿ ಮೊಟ್ಟೆ ಬಿಟ್ಟು ಸ್ವಲ್ಪ ಹೊತ್ತು ಎದ್ದರೂ ಒಳಗಿನ ಜೀವ ಬೆಂದುಹೋಗುತ್ತದೆ. ಫೋಟೊದವರು ಎಷ್ಟು ಹೊತ್ತು ಮಲಗಿದ್ದರೋ!

ಬಾಗೇವಾಡಿಯಲ್ಲಿ ನಮ್ಮ ಬಳಗದ ಅಧ್ಯಕ್ಷೆ ಗಂಗಾಬಾಯಿ ಅವರ ಮನೆ. ನಿವೃತ್ತ ಶಿಕ್ಷಕಿ. ನಾವೆಲ್ಲ ಅಕ್ಕೋರು ಎನ್ನುತ್ತೇವೆ. ನಾನು ಚಪ್ಪಲಿ ಬಿಡುವ ಮೊದಲೇ ಅವರು ಫಲಕ ಓದಿ ಮುಗಿಸಿದ್ದರು.

"ಮೊಟ್ಟಿ ಎಲ್ಲಿ ಅದಾವ ಅಂತ ಬರದು, ಹೋಗಬ್ಯಾಡ್ರಿ ಅಂತೀರಿ. ಗೊತ್ತಿಲ್ಲದವರಿಗೂ ಗೊತ್ತಾಗಲಿ ಅಂತೇನು?"

ಬಳಗದ ಬುದ್ಧಿವಂತರೆಲ್ಲ ಸೇರಿ ಒಪ್ಪಿದ ಬರಹ ಅದು. ಅವರು ಎರಡೂ ಫಲಕಗಳನ್ನು ಬಾಗಿಲ ಹಿಂದೆ ಗೋಡೆಗೆ ಮುಖಮಾಡಿ ನಿಲ್ಲಿಸಿದರು. ನನಗೆ ಅಲ್ಲಿ ತಡೆಯಲಾಗಲಿಲ್ಲ. ಫೋನು ತೆಗೆದು ಫೋಟೊದ ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದೆ. "ಶಾಂತವ್ವಂದು ತಪ್ಪಿಲ್ರಿ ಅಕ್ಕೋರ. ಜಾಗ ತೋರಿಸಿದಾಂವ ನಾನು."

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಫೋನ್ ಮಾಡಿ ಹೇಳ್ಲೇನ್ರಿ?" ಎಂದೆ.

"ಫೋನಿನ್ಯಾಗ ತಗದಿ, ಫೋನಿನ್ಯಾಗ ಸೇರಸ್ತೀಯೇನು? ಹೋಗು, ಎದುರು ನಿಂತು ಹೇಳು. ನಾನೂ ಹೂಂ ಅಂದಾಕಿ. ನನ್ನ ತಪ್ಪೂ ಹೇಳು."

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾನು ತಿನ್ನುವ ವೇಗ ನೋಡಿ ಅವರೇ ಬಸ್ಸಿನ ಹೊತ್ತು ನೆನಪಿಸಿದರು. ಹೊರಡುವಾಗ ಶಾಂತವ್ವನಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟರು.

ಮೂರನೆಯ ಬಸ್ಸು ಮುದ್ದೇಬಿಹಾಳ ಮುಟ್ಟಿದಾಗ ಎರಡೂವರೆ. ಅಲ್ಲಿಂದ ಟಂಟಂ ರಿಕ್ಷಾ. ಒಂಬತ್ತು ಮಂದಿಯ ಜಾಗದಲ್ಲಿ ಹದಿನಾಲ್ಕು ಮಂದಿ, ಎರಡು ಆಡುಮರಿ. ಕೊನೆಯ ಹಾದಿ ನಡಿಗೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ, ಕೆಡಿಸಿಕೊಳ್ಳುತ್ತ, ಹೆಚ್ಚುಕಡಿಮೆ ಓಡಿದೆ.

ಶಾಂತವ್ವ ಜಾಲಿ ಗಿಡದ ನೆರಳಲ್ಲಿ ಬಲೆ ಸರಿಮಾಡುತ್ತ ಕುಳಿತಿದ್ದಳು. ಆಕೆಯ ಪಕ್ಕದಲ್ಲಿ ನಾಲ್ಕು ತೆಪ್ಪಗಳು ಮಗುಚಿ ಬಿದ್ದಿದ್ದವು, ಒಂದಕ್ಕೊಂದು ಹಗ್ಗದಿಂದ ಬಿಗಿದು.

"ಬರ್ರಿ ಅಣ್ಣಾರ. ನೀರು ಕುಡೀರಿ."

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಯಕ್ಕಾ, ತಪ್ಪು ನಂದ ಐತಿ. ನನ್ನ ಫೋಟೊದಾಗ ಕಲ್ಲು ಬಂದೈತಿ," ಎಂದೆ.

"ಗೊತ್ತೈತ್ರಿ," ಎಂದಳು, ಬಲೆಯಿಂದ ಕಣ್ಣೆತ್ತದೆ.

"ಯಾವಾಗಿಂದ?"

"ನೀವು ಹಾಕಿದ ದಿನಾನ ಕಂಡಿತ್ರಿ. ಅದು ನಮ್ಮೂರ ಅಗಸಿ. ಸಣ್ಣಾಕಿದ್ದಾಗ ಆ ಆನಿ ಮ್ಯಾಲ ಕುಂತು ಆಡೇನಿ. ನನಗ ಗುರ್ತ ಸಿಗೂದಿಲ್ಲೇನ್ರಿ?"

"ಮತ್ತ ಯಾಕ ಹೇಳಲಿಲ್ಲ?"

"ಎದುರಿಗೆ ಬಂದಾಗ ಹೇಳೂಣು, ನಾಕು ಮಂದ್ಯಾಗ ನಿಮ್ಮ ಮಾನ ಯಾಕ ಕಳೀಲಿ ಅಂತ ಸುಮ್ಮಿದ್ದೆ. ಆಮ್ಯಾಲ ಗುಂಪಿನ್ಯಾಗ ನನ್ನ ಹೆಸರು ಬಂತು. ಆಗ ಹೇಳಾಕ ಹೋದ್ನಿರಿ. ಅಷ್ಟರೊಳಗ ನೀವು ತಗದಿದ್ರಿ."

ಅಳು ಬಂತು. ಆಕೆಯ ಎದುರಿಗೇ ಅತ್ತೆ. ನನ್ನ ಮಾನ ಉಳಿಸಲೆಂದು ಆಕೆ ಬಾಯಿ ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ ನಾನು ಆಕೆಯ ಮಾನ ತೆಗೆದಿದ್ದೆ.

ಕಾರು ಬರತೊಡಗಿದ ಮೇಲೆ ದಂಡೆಯ ಮೀನುಗಾರ ಮನೆಗಳಿಗೆಲ್ಲ ಹೋಗಿ, ಮರಿ ಹಾರುವವರೆಗೆ ಹಗಲು ಯಾರೂ ತೆಪ್ಪ ಇಳಿಸಬಾರದು ಎಂದು ಒಪ್ಪಿಸಿದವಳೂ ಆಕೆಯೇ. ಮೀನಿಗೆ ನಸುಕಿನಲ್ಲಿ ಬೇರೆ ಕಡೆ ಹೋಗಿ ಬರುತ್ತಾರೆ. ಹೊತ್ತೇರಿದರೆ ತೆಪ್ಪಗಳಿಗೆ ಹಗ್ಗ, ಕಾವಲಿಗೆ ಶಾಂತವ್ವ.

ಅಲ್ಲೇ ನಿಂತು ಫೋನಿನಲ್ಲಿ ನನ್ನ ದನಿಯನ್ನೇ ರೆಕಾರ್ಡು ಮಾಡಿ ಗುಂಪಿಗೆ ಎಲ್ಲ ಹೇಳಿದೆ: ಕಲ್ಲು, ಸ್ಟೇಟಸ್, ಹೆಬ್ಬೆಟ್ಟು, ಸಿಂದಗಿಯಲ್ಲಿ ನುಂಗಿಕೊಂಡ ಮಾತು. ಅಕ್ಕೋರ ಮಾತನ್ನೂ ಸೇರಿಸಿದೆ. ಆಮೇಲೆ ಆಕೆಯನ್ನು ಕೇಳಿ ನಂಬರು ಸೇರಿಸಿದೆ. ಆಕೆಯ ಸೊಂಟದ ಚೀಲದಲ್ಲಿ ಫೋನು ಸದ್ದು ಮಾಡಿತು. ಆಕೆ ತೆಗೆದು ನೋಡಲಿಲ್ಲ.

"ಎಷ್ಟು ಮೊಟ್ಟಿ ಉಳದಾವ ಯಕ್ಕಾ?"

"ಯಾರಿಗ್ಗೊತ್ರಿ? ನಿಮ್ಮನ್ನ ಕರ್ಕೊಂಡು ಹೋಗಿ ಬಂದ ಮ್ಯಾಲ ನಾನು ಆ ಕಡೆ ಹೋಗೇ ಇಲ್ಲ."

"ಒಂದ ಸಲ ಹೋಗಿ ನೋಡಿ ಬರೂಣು? ದೂರಿಂದ?" ನನ್ನ ಕೈ ಆಗಲೇ ಹಗ್ಗದ ಮೇಲಿತ್ತು. ಬೆಳಿಗ್ಗೆಯಿಂದ ಇದೊಂದಕ್ಕಾಗಿಯೇ ಬಂದವನಂತೆ ಗಂಟು ಬಿಚ್ಚತೊಡಗಿದ್ದೆ.

"ಈ ಬಿಸಲಾಗ? ನಾವು ಹೋದ್ರ ಅದು ಏಳತೈತಿ. ಎದ್ದರ ಮೊಟ್ಟಿ ಕುದೀತಾವ. ಅವರೂ ಒಂದ ಸಲ ಅಂತನ ಬಂದಿದ್ರು." ಆಕೆ ನನ್ನ ಕೈಯಿಂದ ಹಗ್ಗ ಬಿಡಿಸಿದಳು. "ಕುಂದರ್ರಿ ಅಣ್ಣಾರ."

ಕುಳಿತೆ. ಹೋಳಿಗೆ ಡಬ್ಬಿ ಬಿಚ್ಚಿ ಒಂದನ್ನು ನನ್ನ ಕೈಗಿಟ್ಟಳು. ಎದುರಿಗೆ ನೀರು, ದೂರದಲ್ಲಿ ದಿಬ್ಬ, ಅದರಾಚೆ ಆನೆಯ ಕಲ್ಲು. ಇಲ್ಲಿಂದ ದಿಬ್ಬದ ಮೇಲೆ ಏನಿದೆಯೆಂದು ತಿಳಿಯುವಂತಿಲ್ಲ, ಬೈನಾಕ್ಯುಲರಿನಲ್ಲೂ ಬಿಸಿಲ ಅಲೆ ಮಾತ್ರ. ಕಾಲು ಅಲ್ಲಾಡಿಸುತ್ತ ಇದ್ದೆ.

"ನೋಡ್ರಿ," ಎಂದಳು ಶಾಂತವ್ವ.

ಒಂದು ರೀವ ದಿಬ್ಬದಿಂದ ಎದ್ದು ನೀರಿನ ಮೇಲೆ ತೀರ ಕೆಳಗೆ ಹಾರಿತು. ಮೀನಿಗೆ ಮುಳುಗಲಿಲ್ಲ. ಎದೆ ಹೊಟ್ಟೆ ನೀರಿಗೆ ತಾಗಿಸಿ, ತೋಯಿಸಿಕೊಂಡು, ನೇರ ದಿಬ್ಬಕ್ಕೆ ಹೋಗಿ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮತ್ತೆ ಹೊಟ್ಟೆ ತೋಯಿಸಿಕೊಂಡಿತು, ಮತ್ತೆ ಅಲ್ಲಿಗೇ ಹೋಯಿತು. ಅದರ ಹಿಂದೆ ಇನ್ನೊಂದು.

"ಅಂದ್ರ..." ಎಂದೆ.

"ಖಾಲಿ ಉಸುಕಿಗೆ ಯಾಕ ನೀರು ಒಯ್ಯತಾವ್ರಿ?"

ಬಿಸಿಲು ಇಳಿಯುವವರೆಗೆ ನೋಡುತ್ತ ಕುಳಿತೆವು. ಕ್ಯಾಮೆರಾ ಚೀಲದಲ್ಲೇ ಇತ್ತು. ಸಂಜೆ ಟಂಟಂ ಹತ್ತುವ ಮೊದಲು ತಿರುಗಿ ನೋಡಿದಾಗ ಶಾಂತವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ದಿಬ್ಬದ ಕಡೆಗೇ ನೋಡುತ್ತಿದ್ದಳು. ಮುದ್ದೇಬಿಹಾಳದ ನಿಲ್ದಾಣದಲ್ಲಿ ಬಳಗದ ರಿಜಿಸ್ಟರ್ ತೆಗೆದೆ. ದಿನಾಂಕ ಬರೆದೆ, ಹಕ್ಕಿಯ ಹೆಸರು ಬರೆದೆ. ಕಾವಲು ಎಂಬಲ್ಲಿ ಶಾಂತವ್ವನ ಪೂರ್ತಿ ಹೆಸರು ಬರೆದೆ. ಮೊಟ್ಟೆಗಳ ಸಂಖ್ಯೆ ಎಂಬ ಜಾಗದಲ್ಲಿ, "ನೋಡಲು ಹೋಗಲಿಲ್ಲ" ಎಂದು ಬರೆದು ಸಹಿ ಹಾಕಿದೆ.