ಮುನಿಯಮ್ಮ ಟೀಚರಿಗೆ ಆದ ಸನ್ಮಾನ

ಕೋವಿಡ್ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಬೇತಮಂಗಲದ ಕಡೆ ಸಿಆರ್‌ಪಿ ಆಗಿದ್ದೆ. ಅಂದರೆ ಸುತ್ತಲಿನ ಸರ್ಕಾರಿ ಶಾಲೆಗಳನ್ನು ತಿರುಗಿ, ಮೇಷ್ಟ್ರುಗಳಿಗೆ ಸಲಹೆ ಕೊಟ್ಟು, ಮೇಲಿನವರಿಗೆ ವರದಿ ಒಪ್ಪಿಸುವವನು. ಬೈಕಿನ ಪೆಟ್ರೋಲಿನಿಂದ ಬಿಸಿಯೂಟದ ಸಾಂಬಾರಿನವರೆಗೆ ಎಲ್ಲಕ್ಕೂ ಚಿಂತಿಸುವ ನನಗೆ ಹೇಳಿ ಮಾಡಿಸಿದ ಕೆಲಸ.

ಇರುಳಿಗ ಬುಡಕಟ್ಟಿನವರ ಹಟ್ಟಿಯೊಂದರಲ್ಲಿ ಒಬ್ಬರೇ ಶಿಕ್ಷಕರಿದ್ದ ಶಾಲೆ. ಟೀಚರ್ ಮುನಿಯಮ್ಮ ಅದೇ ಹಟ್ಟಿಯವರು, ಅಲ್ಲಿಂದ ಡಿ.ಎಡ್. ಮುಗಿಸಿದ ಮೊದಲಿಗರು, ಕವಿ. ಅವರು ಹೆಸರು ಕರೆದರೆ ಮಕ್ಕಳು ‘ಹಾಜರ್’ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಕಂಡದ್ದನ್ನು ಮನೆಮಾತಿನಲ್ಲಿ ಒಂದು ಸಾಲು ಹೇಳಬೇಕು. ಟೀಚರ್ ಅವನ್ನು ಪೋಣಿಸಿ ಪದ ಕಟ್ಟಿ, ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯುವರು. ಓದು ಶುರುವಾಗುತ್ತಿದ್ದುದು ಅಲ್ಲಿಂದ.

ಮಕ್ಕಳು ಕಡಿಮೆ ಎಂದು ಶಾಲೆ ಮುಚ್ಚುವ ಮಾತು ಎದ್ದಿತ್ತು. ನೋಡಿ ತೀರ್ಮಾನಿಸಲು ಅಧಿಕಾರಿಯೊಬ್ಬರು ಬಂದರು.

ಒಬ್ಬ ಹುಡುಗಿಯ ಸಾಲನ್ನು ಟೀಚರ್ ಕನ್ನಡಕ್ಕೆ ತಿರುಗಿಸಿದರು: “ನಮ್ಮೊಲೆ ಇನ್ನೂ ಎದ್ದಿಲ್ಲ, ಬೂದಿ ಒದ್ಕೊಂಡು ಮನಗದೆ.”

“ಆಹಾ, ಎಂಥ ಕಲ್ಪನೆ!” ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟರು.

“ಕಲ್ಪನೆ ಅಲ್ಲ ಸಾರ್, ಅಸಿವು,” ಎಂದ ಟೀಚರ್ ತಮ್ಮ ಡಬ್ಬಿಯ ಇಡ್ಲಿಯನ್ನು ಆ ಹುಡುಗಿಯ ಮುಂದಿಟ್ಟರು. ಯಾರು ಉಂಡಿಲ್ಲ ಎಂಬುದು ಅವರಿಗೆ ತಿಳಿಯುತ್ತಿದ್ದುದೇ ಹಾಗೆ. ಅಧಿಕಾರಿ ವಿಡಿಯೊ ಮಾಡುವುದರಲ್ಲಿ ಮುಳುಗಿದ್ದರು. ಶಾಲೆ ಉಳಿಯಿತು ಎಂದು ನಾನು ಅಪರೂಪಕ್ಕೆ ಚಿಂತೆ ಬಿಟ್ಟೆ.

ಉರಿಗಾಂನಲ್ಲಿ ಟೀಚರಿಗೆ ಸನ್ಮಾನವಾಯಿತು: ಶಾಲು, ಹಾರ, ಹಣ್ಣಿನ ಬುಟ್ಟಿ. ಬೆನ್ನಿಗೇ ಆದೇಶ. ಈ ವಿಧಾನವನ್ನು ಇತರ ಶಿಕ್ಷಕರಿಗೆ ಕಲಿಸಲು ಟೀಚರನ್ನು ಬಂಗಾರಪೇಟೆಯ ತರಬೇತಿಗೆ ನಿಯೋಜಿಸಿದ್ದರು. ನಿಯೋಜನೆ ಎಂದರೆ ಹುದ್ದೆ ಇಲ್ಲಿ, ಕೆಲಸ ಅಲ್ಲಿ. ಕಾಗದದ ಮೇಲೆ ಹುದ್ದೆ ಭರ್ತಿ; ಹಾಗಾಗಿ ಬದಲಿಗೆ ಯಾರನ್ನೂ ಕೊಡುವಂತಿಲ್ಲ.

“ನಂಗೆ ಶಾಲು ಬ್ಯಾಡ ಸಾರ್, ಇಲ್ಲೇ ಬಿಡಕ್ಕೆ ಏಳಿ,” ಎಂದರು ಟೀಚರ್. ಅಧಿಕಾರಿಗೆ ಹೇಳಿದೆ. “ಪ್ರತಿಭೇನ ಹಟ್ಟೀಲಿ ಕೊಳೆಸ್ತೀರೇನ್ರೀ?” ಎಂದು ಬೈಸಿಕೊಂಡು ಬಂದೆ.

ತಿಂಗಳಾದ ಮೇಲೆ ಹಟ್ಟಿಗೆ ಹೋದರೆ ಶಾಲೆಗೆ ಬೀಗ. ತಾಯಿಯೊಬ್ಬಳು ತಡೆದು ನಿಲ್ಲಿಸಿದಳು. “ಮಕ್ಳು ನಮ್ ಜತೇಲೇ ಕೂಲಿಗೆ ಬತ್ತಾವೆ ಸಾಮಿ. ಟೀಚರಮ್ಮಂಗೆ ಶಾಲು ಒದಿಸಿದ್ರಂತೆ. ಇವಕ್ಕೇನು ಒದಿಸ್ತೀರಾ?”

ದಸರಾ ರಜೆ ಮುಗಿಯುವಷ್ಟರಲ್ಲಿ, ಮಕ್ಕಳೇ ಬರುತ್ತಿಲ್ಲವೆಂದು ಶಾಲೆ ಮುಚ್ಚಿತು.

ಆಮೇಲಿನ ತರಬೇತಿಯಲ್ಲಿ ಮೇಷ್ಟ್ರೊಬ್ಬರು ಎದ್ದು ಕೇಳಿದರು: “ಭಾಳ ಚೆನ್ನಾಗೈತೆ ಮೇಡಂ. ನಿಮ್ ಸ್ಕೂಲ್ ಎಲ್ಲೈತೆ? ಒಂದ್ಸಲ ನೋಡ್ಕೊಂಡು ಬತ್ತೀವಿ.”

“ನಿಮಗೆ ಏಳ್ಕೊಡಕ್ಕೆ ಅಂತ ಅದನ್ನ ಮುಚ್ಚವ್ರೆ ಸಾರ್.”

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು.

ನೌಕರಿ ಕಲಿಸಿದ್ದು ಇಷ್ಟು: ನಮ್ಮಲ್ಲಿ ಶಿಕ್ಷೆಗಾದರೆ ಮೇಲ್ಮನವಿ ಹಾಕಿಕೊಳ್ಳಬಹುದು, ಸನ್ಮಾನಕ್ಕೆ ಆ ಅವಕಾಶವಿಲ್ಲ.