ಕಮಲಕ್ಕನ ಎರಡು ಹನಿ ನೀರು

ಇವತ್ತು ಬೆಳಿಗ್ಗೆ ಜಗಲಿಯ ದಂಡೆಯ ಮೇಲಿದ್ದ ತೆಂಗಿನೆಣ್ಣೆ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ಕುಳಿತಿತ್ತು. ತಲೆಕೆಳಗೆ ಹಿಡಿದು ಅಲ್ಲಾಡಿಸಿದೆ, ಒಂದು ತೊಟ್ಟೂ ಬೀಳಲಿಲ್ಲ. ಮಂಗಳೂರಿನವರಾದ ನಮಗೆ ಚಳಿ ಬಂತೆಂದು ತಿಳಿಸುವುದು ಕ್ಯಾಲೆಂಡರ್ ಅಲ್ಲ, ಈ ಬಾಟಲಿ. ಎಣ್ಣೆ ಗಟ್ಟಿಯಾದರೆ ಚಳಿಯೂ ನಿಜ, ಎಣ್ಣೆಯೂ ನಿಜ. ಹಾಗಾಗಿ ನಾನು ಸಂತೋಷಪಡಬೇಕಿತ್ತು. ಆದರೆ ಸಂತೋಷವಾಗಲಿಲ್ಲ. ಯಾಕೆಂದರೆ ನಿನ್ನೆ ಬೆಳಿಗ್ಗೆಯಷ್ಟೇ ಕಾವೂರಿನ ಹಮೀದನ ದಿನಸಿ ಅಂಗಡಿಯಲ್ಲಿ, ಏಳೆಂಟು ಗಿರಾಕಿಗಳ ಎದುರು, ಇದೇ ಎಣ್ಣೆಯ ವಿಷಯದಲ್ಲಿ ನಾನು ದೊಡ್ಡ ಗಂಟಲು ತೆಗೆದಿದ್ದೆ.

"ಪಕ್ಕದ ಮನೆಯ ಎಣ್ಣೆ ಕಲ್ಲಿನ ಹಾಗೆ ಆಗಿದೆ. ನೀನು ಕೊಟ್ಟದ್ದು ನೀರಿನ ಹಾಗೆ ಉಂಟು. ಎಂತ ಬೆರೆಸ್ತೀ ಹಮೀದ್?"

"ನಾನು ಬೆರೆಸೂದಾ? ಮಿಲ್ಲಿಂದ ಬಂದದ್ದನ್ನೇ ಕೊಡ್ತೇನೆ ಅಣ್ಣ," ಎಂದ ಅವನು. ಮುಖ ಸಣ್ಣದಾಗಿತ್ತು. ನಾನು ಯುದ್ಧ ಗೆದ್ದವನ ಹಾಗೆ ಮನೆಗೆ ಬಂದಿದ್ದೆ.

"ಬಾಟಲಿ ಗ್ಯಾಸ್ ಒಲೆಯ ಪಕ್ಕ ಇದ್ರೆ ಎಣ್ಣೆ ಹೇಗೆ ಗಟ್ಟಿಯಾಗ್ತದೆ?" ಎಂದು ನನ್ನ ಹೆಂಡತಿ ಈಗ ಕೇಳುತ್ತಾಳೆ. ನಿನ್ನೆ ಸಂಜೆ ಅದನ್ನು ಹೊರಗೆ ತಂದಿಟ್ಟವಳೂ ಅವಳೇ. ಮಾತು ಮುಗಿಸಿ ಒಳಗೆ ಹೋದಳು. ನಾನು ಬಾಟಲಿ ಹಿಡಿದು ಕುಳಿತೆ. ಬೆಚ್ಚಗಿದ್ದದ್ದನ್ನು ಕಂಡು ಬೆರಕೆ ಎಂದು ಕೂಗಿದ್ದು ಇದು ಮೊದಲ ಸಲವಲ್ಲ ಎಂಬುದು ನೆನಪಾಯಿತು.

ಸಂಶಯ ನನ್ನ ಹಳೆಯ ಕಸುಬು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಅದು ನನ್ನ ಕೆಲಸವೇ ಆಗಿತ್ತು. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಇಲ್ಲಿಯ ಒಂದು ಸಣ್ಣ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವವನಾಗಿದ್ದೆ. ಈಗ ಫ್ಲ್ಯಾಟುಗಳು ನಿಂತಿರುವ ಜಾಗದಲ್ಲಿ ಆಗ ಗದ್ದೆಗಳಿದ್ದವು, ಎರಡು ಮನೆಗೊಂದು ದನದ ಹಟ್ಟಿ ಇತ್ತು. ನನ್ನ ಮೇಜಿನ ಮೇಲೆ ಒಂದು ಗಾಜಿನ ಲ್ಯಾಕ್ಟೋಮೀಟರ್. ಹಾಲಿನಲ್ಲಿ ತೇಲಬಿಟ್ಟರೆ ಎಷ್ಟು ಮುಳುಗುತ್ತದೆಂದು ಗೀಟು ನೋಡುವುದು. ಹೆಚ್ಚು ಮುಳುಗಿದರೆ ನೀರು ಬೆರೆಸಿದ್ದಾರೆಂದು ಅರ್ಥ. ಅದರ ಜೊತೆಗೆ ಒಂದು ಥರ್ಮಾಮೀಟರ್ ಕೂಡ ಇತ್ತು. ಮಳೆಗಾಲದಲ್ಲಿ ನನ್ನ ಕೈಯಿಂದಲೇ ಬಿದ್ದು ಒಡೆಯಿತು. ಹೊಸದು ತರಿಸಲಿಲ್ಲ. ನಮ್ಮ ಊರಿಗೆ ಚಳಿಯೇ ಇಲ್ಲ, ಥರ್ಮಾಮೀಟರ್ ಎಂತಕ್ಕೆ ಎಂದು ನಾನೇ ತೀರ್ಮಾನ ಮಾಡಿದ್ದೆ.

ಘಟ್ಟದ ಮೇಲಿನವರು ನಮ್ಮ ಚಳಿಯ ಸುದ್ದಿ ಕೇಳಿದರೆ ನಗುತ್ತಾರೆ, ನಗಲಿ. ಆದರೆ ಇಲ್ಲಿಯ ಗಿಡಮರ, ದನಕರುಗಳಿಗೆ ಅಷ್ಟೇ ಸಾಕು. ಕೊಯ್ಲಾದ ಗದ್ದೆಗೆ ಬಿತ್ತಿದ ಉದ್ದು ಇಬ್ಬನಿ ಕುಡಿದುಕೊಂಡೇ ಬೆಳೆಯುತ್ತದೆ. ಅದೇ ಇಬ್ಬನಿ ಗೇರಿನ ಹೂವಿಗೂ ಮಾವಿನ ಹೂವಿಗೂ ಆಗುವುದಿಲ್ಲ, ಮಂಜು ದಟ್ಟವಾಗಿ ಬಿದ್ದ ವಾರದಲ್ಲಿ ಹೂಗೊಂಚಲು ಕರಟಿ ಉದುರುತ್ತದೆ. ಬಸಳೆ ಎಲೆಯಲ್ಲಿ ಚುಕ್ಕಿ ಏಳುತ್ತದೆ. ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ದನದ ಮೊಲೆ ಬಿರಿದು, ಕೈ ತಾಗಿಸಿದರೆ ಒದೆಯುತ್ತದೆ, ಹಾಲು ಕಡಿಮೆಯಾಗುತ್ತದೆ. ಇಷ್ಟೆಲ್ಲ ಮಾಡಿದ್ದು ಚಳಿ ಎಂದು ಯಾರಾದರೂ ಒಪ್ಪಿದರೆ ತಾನೆ? ಗೇರಿನ ಹೂ ಕರಟಿದ್ದು ಪಕ್ಕದವರ ಕಣ್ಣು ಬಿದ್ದು. ಹಾಲು ಕಡಿಮೆಯಾದದ್ದು ಯಾರೋ ನಸುಕಿನಲ್ಲೇ ಬಂದು ಹಿಂಡಿಕೊಂಡು ಹೋಗಿ. ನಾನಂತೂ ಮೊಟ್ಟೆ ಕಳ್ಳನನ್ನು ಹಿಡಿಯಲು ಮೂರು ಬೆಳಿಗ್ಗೆ ಬೈಹುಲ್ಲಿನ ರಾಶಿಯ ಹಿಂದೆ ಕುಳಿತಿದ್ದೆ. ಕಳ್ಳ ಬರಲಿಲ್ಲ. ಕೋಳಿ ಮಾತ್ರ ಬಂದು ನನ್ನನ್ನು ಒಮ್ಮೆ ನೋಡಿ ಹೋಯಿತು.

ಆ ಡಿಸೆಂಬರಿನಲ್ಲಿ ಸೊಸೈಟಿಗೆ ಬರುವ ಎಲ್ಲರ ಹಾಲೂ ಗೀಟಿನ ಮಟ್ಟಿಗೆ ಚೆನ್ನಾಗಿಯೇ ಇತ್ತು. ಕಮಲಕ್ಕನ ಹಾಲಿನಲ್ಲಿ ಮಾತ್ರ ಗಾಜಿನ ಕಡ್ಡಿ ದಿನದಿಂದ ದಿನಕ್ಕೆ ಹೆಚ್ಚು ಮುಳುಗಿತು. ಕಮಲಕ್ಕ ಸೊಸೈಟಿಯ ಹಿಂದಿನ ಓಣಿಯಲ್ಲೇ ಇದ್ದವರು, ಗಂಡ ತೀರಿಹೋಗಿ, ಬೊಳ್ಳಿ ಎಂಬ ಒಂದೇ ದನದಿಂದ ಮನೆ ನಡೆಸುತ್ತಿದ್ದವರು. ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಹಾಲಿನ ಕ್ಯಾನಿಗೆ ಗಲ್ಫಿನಿಂದ ತಮ್ಮ ತಂದುಕೊಟ್ಟ ದಪ್ಪ ಟವೆಲು ಸುತ್ತಿರುತ್ತಿದ್ದರು. ಕ್ಯಾನಿಗೆ ಟವೆಲು ಯಾಕೆ? ಏನೋ ಮುಚ್ಚಿಡುವುದಕ್ಕೇ ಇರಬೇಕು. ನನ್ನ ತಲೆ ಓಡುತ್ತಿದ್ದುದು ಹಾಗೆ.

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವರ ಬೇಲಿಯ ಹಿಂದೆ ನಿಂತೆ. ಕಮಲಕ್ಕ ಬಚ್ಚಲಿನಿಂದ ಒಂದು ಕೊಡಪಾನ ನೀರು ಹೊತ್ತು ಹಟ್ಟಿಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಲಿನ ಕ್ಯಾನು ಹಿಡಿದು ಹೊರಗೆ ಬಂದರು. ನೀರು ಒಳಗೆ ಹೋಯಿತು, ಹಾಲು ಹೊರಗೆ ಬಂತು. ಇನ್ನೇನು ಬೇಕು? ಕಣ್ಣಾರೆ ಕಂಡದ್ದು! ನೀರಿನಿಂದ ಹಬೆ ಏಳುತ್ತಿದ್ದುದನ್ನೂ ಅದೇ ಕಣ್ಣು ಕಂಡಿತ್ತು, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅರ್ಧ ಗಂಟೆಯಲ್ಲಿ ಸೊಸೈಟಿಯ ಎದುರು ಹದಿನೈದು ಜನರ ಸಾಲು. ಅವರೆಲ್ಲರ ಎದುರು ಗಾಜಿನ ಕಡ್ಡಿಯನ್ನು ಎತ್ತಿ ತೋರಿಸಿ ಕೇಳಿದೆ:

"ಕಮಲಕ್ಕ, ಹಾಲಿಗೆ ನೀರು ಹಾಕ್ತೀರಾ?"

ಇಲ್ಲ ಎನ್ನಬಹುದಿತ್ತು. ಎಲ್ಲರೂ ಹಾಗೆಯೇ ಹೇಳುತ್ತಾರೆ. ಕಮಲಕ್ಕ ಸ್ವಲ್ಪ ಯೋಚಿಸಿ, "ಹಾಕ್ತೇನೆ," ಎಂದರು. "ಎರಡು ಹನಿ. ಬರೀ ಹಾಲು ಮನೆಯಿಂದ ಹೊರಗೆ ಕೊಡ್ಬಾರ್ದು, ದನಕ್ಕೆ ದೃಷ್ಟಿ ಆಗ್ತದೆ ಅಂತ ನಮ್ಮ ಅಮ್ಮ ಹೇಳಿದ್ದು. ನೀವೆಲ್ಲ ಹಾಕೂದಿಲ್ವಾ?"

ಸಾಲಿನಲ್ಲಿದ್ದ ಅರ್ಧ ಜನ ಹಾಕುತ್ತಿದ್ದರು. ನನ್ನ ತಾಯಿಯೂ ಹಾಕುತ್ತಿದ್ದಳು. ಯಾರೂ ಬಾಯಿ ಬಿಡಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಾನು ಪುಸ್ತಕದಲ್ಲಿ ಬರೆದೆ: ನೀರು ಬೆರೆಸಿರುವುದಾಗಿ ಒಪ್ಪಿಕೊಂಡಿದ್ದಾರೆ. ಎರಡು ಹನಿ ಎಂದು ಬರೆಯಲಿಲ್ಲ.

ಮರುದಿನದಿಂದ ಅವರ ಹಾಲು ತೆಗೆದುಕೊಳ್ಳಲಿಲ್ಲ. ಮನೆಗೇ ಬಂದು ಹಾಲು ಕೊಳ್ಳುತ್ತಿದ್ದವರೂ ನಿಲ್ಲಿಸಿದರು. "ನೀರು ಕಮಲಕ್ಕ" ಎಂಬ ಹೆಸರು ಬಿತ್ತು. ಓಣಿಯ ಮಕ್ಕಳೂ ಹಾಗೆಯೇ ಕರೆಯತೊಡಗಿದರು.

ಜನವರಿ ಮುಗಿಯುವಾಗ ದೊಡ್ಡ ಕಚೇರಿಯ ಸೂಪರ್‌ವೈಸರ್ ಬಂದರು. ಖಾಲಿ ಥರ್ಮಾಮೀಟರ್ ಪೆಟ್ಟಿಗೆ ನೋಡಿ, "ಇದು ಇಲ್ಲದೆ ಎಂತ ಪರೀಕ್ಷೆ ಮಾಡ್ತೀರಿ ಮಾರಾಯ್ರೆ? ಹಾಲು ಬೆಚ್ಚಗಿದ್ರೆ ಕಡ್ಡಿ ಜಾಸ್ತಿ ಮುಳುಗ್ತದೆ, ತಣ್ಣಗಿದ್ರೆ ಮೇಲೆ ನಿಲ್ತದೆ," ಎಂದರು. ಮನೆಗೆ ಹೋಗಿ, ನಮ್ಮದೇ ದನದ ಹಾಲನ್ನು ತಣ್ಣಗೆ ಒಮ್ಮೆ, ಬೆಚ್ಚಗೆ ಮಾಡಿ ಒಮ್ಮೆ ನೋಡಿದೆ. ಬೆಚ್ಚಗಿದ್ದಾಗ ಕಡ್ಡಿ ಕಮಲಕ್ಕನ ಗೀಟಿಗೇ ಇಳಿಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ನಾನು ಹೋದಾಗ ಕಮಲಕ್ಕ ಹಟ್ಟಿಯಲ್ಲಿದ್ದರು. ಪಕ್ಕದಲ್ಲಿ ಹಬೆಯಾಡುವ ಅದೇ ಕೊಡಪಾನ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬೊಳ್ಳಿಯ ಬಿರಿದ ಮೊಲೆಗಳನ್ನು ಒರೆಸಿ, ಗಟ್ಟಿಯಾದ ತೆಂಗಿನೆಣ್ಣೆಯನ್ನು ಬೆರಳಿನಲ್ಲಿ ತೆಗೆದು ಹಚ್ಚುತ್ತಿದ್ದರು. ನಾನು ತಪ್ಪಾಯಿತೆಂದೆ. ಕಡ್ಡಿಯ ವಿಷಯ ಹೇಳಿ, ಹಾಲನ್ನು ಅಷ್ಟು ಬೆಚ್ಚಗೆ ಇಟ್ಟು ತರುತ್ತಿದ್ದುದು ಯಾಕೆಂದು ಕೇಳಿದೆ.

"ಚಳಿಗೆ ಎಣ್ಣೆ ಗಟ್ಟಿಯಾಗ್ತದಲ್ಲ," ಎಂದರು. "ಹಾಲಿನ ಜಿಡ್ಡೂ ಹಾಗೇ ಕ್ಯಾನಿಗೆ ಅಂಟಿ ಮನೆಗೆ ವಾಪಸ್ ಬಂದ್ರೆ? ಸೊಸೈಟಿಗೆ ಮೋಸ ಅಲ್ವಾ ಅದು? ಅದಕ್ಕೆ ಕ್ಯಾನಿಗೆ ಬಿಸಿನೀರು ಹಾಕಿ ತೊಳೆದು, ಟವೆಲು ಸುತ್ತಿ, ಓಡಿಕೊಂಡು ಬರ್ತಿದ್ದೆ."

ಮೋಸವಾಗಬಾರದೆಂದು ಬೆಚ್ಚಗೆ ತಂದ ಹಾಲನ್ನು ನಾನು ಮೋಸವೆಂದು ಬರೆದಿದ್ದೆ. ಅವರು ಒಳಗೆ ಹೋಗಿ ಒಂದು ಲೋಟ ಹಾಲು ತಂದುಕೊಟ್ಟರು. ಕುಡಿದೆ. ನನ್ನ ದರಿದ್ರ ನಾಲಗೆ, ಹೇಳುವುದಕ್ಕೂ ಬೇಸರ, ಆ ಗುಟುಕಿನಲ್ಲೂ ನೀರು ಹುಡುಕಿತು. ಕಮಲಕ್ಕನಿಗೆ ಗೊತ್ತಾಯಿತು.

"ಎಂತ, ನೀರು ಉಂಟಾ?"

ತಲೆ ತಗ್ಗಿಸಿದೆ. "ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕ್ತೇನೆ ಕಮಲಕ್ಕ. ನೀವು ನಾಳೆಯಿಂದ ಬನ್ನಿ."

"ನಾನು ಮೋಸ ಮಾಡ್ಲಿಲ್ಲ ಅಂತ ನನಗೆ ಗೊತ್ತುಂಟಲ್ಲ, ಬೊಳ್ಳಿಗೂ ಗೊತ್ತುಂಟು. ನಮಗೆ ಹೇಳಿ ಎಂತ ಮಾಡೂದು? ಅಲ್ಲಿ ಹೇಳು ಮಾರಾಯ, ಅವರೆಲ್ಲ ಇರುವಾಗ. ಆಮೇಲೆ ಬರ್ತೇನೆ."

ನಾಳೆ ಹೇಳುತ್ತೇನೆಂದು ಬಂದೆ. ಮರುದಿನ ಸಾಲಿನಲ್ಲಿ ಜನ ಕಡಿಮೆ ಇದ್ದರು, ಎಲ್ಲರೂ ಇರುವ ದಿನ ಹೇಳೋಣವೆಂದುಕೊಂಡೆ. ಇನ್ನೊಂದು ದಿನ ತುಂಬ ಜನ ಇದ್ದರು, ಬಾಯಿ ಬರಲಿಲ್ಲ. ಪುಸ್ತಕದ ಸಾಲನ್ನು ಮಾತ್ರ ಯಾರೂ ಇಲ್ಲದಾಗ ಹೊಡೆದು ಹಾಕಿದೆ. ಕಮಲಕ್ಕ ಬರಲೇ ಇಲ್ಲ. ಬೇಸಿಗೆಯಲ್ಲಿ ಬೊಳ್ಳಿಯನ್ನು ಸುರತ್ಕಲ್ ಕಡೆಯವರಿಗೆ ಕೊಟ್ಟುಬಿಟ್ಟರಂತೆ. ಕಮಲಕ್ಕ ತೀರಿಕೊಂಡೇ ಈಗ ಒಂಬತ್ತು ವರ್ಷ. ಹೆಣ ಎತ್ತುವ ದಿನ ಅಂಗಳದಲ್ಲಿ ಯಾರೋ ಯಾರಿಗೋ ಗುರುತು ಹೇಳುತ್ತಿದ್ದರು: "ಗೊತ್ತಾಗ್ಲಿಲ್ವಾ, ನಮ್ಮ ನೀರು ಕಮಲಕ್ಕ." ಆಗಲೂ ನಾನು ಸುಮ್ಮನಿದ್ದೆ.

ಇಷ್ಟು ನೆನಪಾದ ಮೇಲೆ ಜಗಲಿಯಲ್ಲಿ ಕುಳಿತಿರಲಾಗಲಿಲ್ಲ. ಬಾಟಲಿ ಹಿಡಿದು ಹಮೀದನ ಅಂಗಡಿಗೆ ಹೋದೆ. ಒಬ್ಬರೂ ಇರಲಿಲ್ಲ. ಇಂಥ ಹೊತ್ತು ನನಗೆ ಮೊದಲಾದರೆ ಬಹಳ ಇಷ್ಟ.

"ಎಂತ ಕೊಡಲಿ ಅಣ್ಣ?" ಎಂದ ಹಮೀದ್, ಬಾಟಲಿಯನ್ನು ನೋಡಿ ನೋಡದವನ ಹಾಗೆ.

"ಏನೂ ಬೇಡ. ಸ್ವಲ್ಪ ಜನ ಬರಲಿ," ಎಂದು ಅಕ್ಕಿ ಮೂಟೆಯ ಪಕ್ಕ ನಿಂತೆ. ಅವನು ಹೆದರಿದ, ಪಾಪ. ಇವತ್ತು ಇನ್ನೇನು ರಂಪ ಕಾದಿದೆಯೋ ಎಂದುಕೊಂಡಿರಬೇಕು. ಎಂಟು ಗಂಟೆಯ ಹೊತ್ತಿಗೆ ಆರು ಜನ ಸೇರಿದರು. ನಿನ್ನೆ ಇದ್ದವರು ಇಬ್ಬರಿದ್ದರು. ನಾನು ಬಾಟಲಿ ಎತ್ತಿ ಹಿಡಿದೆ.

"ನಿನ್ನೆ ನಾನು ಹೇಳಿದ್ದು ಸುಳ್ಳು. ಹಮೀದನ ಎಣ್ಣೆ ಸರಿ ಉಂಟು. ನಮ್ಮ ಮನೆಯಲ್ಲಿ ಒಲೆಯ ಹತ್ತಿರ ಇತ್ತು, ಅದಕ್ಕೆ ಗಟ್ಟಿಯಾಗಿರಲಿಲ್ಲ. ತಪ್ಪು ನನ್ನದು."

"ಅಯ್ಯೋ ಬಿಡಿ ಅಣ್ಣ, ಎಂತ ದೊಡ್ಡ ವಿಷಯ," ಎಂದ ಹಮೀದ್. ಅವನ ಮುಖ ಅರಳಿದ್ದನ್ನು ಎಲ್ಲರೂ ಕಂಡರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಬಾಯಿ ನಿಲ್ಲಲಿಲ್ಲ.

"ಕಮಲಕ್ಕನ ಹಾಲಿನಲ್ಲೂ ನೀರಿರಲಿಲ್ಲ," ಎಂದೆ.

ಅಂಗಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಈಚೆಗೆ ಫ್ಲ್ಯಾಟುಗಳಿಗೆ ಬಂದವರು, ಹಮೀದ್ ಅಂಗಡಿ ತೆರೆದದ್ದೂ ಈಚೆಗೇ.

"ಯಾವ ಕಮಲಕ್ಕ?" ಎಂದು ಹಮೀದ್ ಕೇಳಿದ.

ಬಾಟಲಿಯನ್ನು ತಕ್ಕಡಿಯ ಪಕ್ಕ ಇಟ್ಟೆ. "ಇಲ್ಲೇ ಹಿಂದಿನ ಓಣಿಯಲ್ಲಿ ಇದ್ದರು," ಎಂದೆ. "ಹೇಳ್ತೇನೆ, ಕೇಳಿ."