ಅತ್ತಿಗೆಯ ಬ್ರೇಕು

ನಮ್ಮ ಅತ್ತಿಗೆ ಕಾರು ಕಲಿಸುವವರು. ಅವರ ಕಾರಿನಲ್ಲಿ ಬ್ರೇಕು ಎರಡು: ಕಲಿಯುವವರ ಕಾಲಿಗೊಂದು, ಪಕ್ಕದಲ್ಲಿ ಕೂರುವ ಅವರ ಕಾಲಿಗೊಂದು. ಬಾಯಿಗೆ ಮಾತ್ರ ಬ್ರೇಕಿಲ್ಲ. "ಕ್ಲಚ್ ಬಿಡೆ ಅಂದ್ರೆ ಪ್ರಾಣ ಬಿಡೋ ಹಾಗೆ ಆಡ್ತೀಯಲ್ಲೇ!" ಎಂದು ನಾದಿನಿಯಾದ ನನ್ನನ್ನೂ ಬಿಟ್ಟವರಲ್ಲ. ನಾನೋ, ವರ್ಷವಾದರೂ ಎರಡನೇ ಗೇರು ದಾಟದ ಶಿಷ್ಯೆ.

ಗರ್ಭಕಂಠದ ಕ್ಯಾನ್ಸರಿಗೆ ಅವರಿಗೆ ರೇಡಿಯೇಷನ್ ಕೊಟ್ಟಿದ್ದರು. ಕಾಯಿಲೆ ಹೋಯಿತು, ಹೊಟ್ಟೆ ಕೆಟ್ಟಿತು. ಅಲ್ಲಿಂದ ಪಾಠದ ದಾರಿಯೇ ಬದಲಾಯಿತು. ಪೆಟ್ರೋಲ್ ಬಂಕು, ಗ್ರಂಥಾಲಯ, ರೈಲ್ವೆ ಸ್ಟೇಷನ್, ಎಲ್ಲಿ ಶೌಚಾಲಯವೋ ಅಲ್ಲಿ ಪಾರ್ಕಿಂಗ್ ಅಭ್ಯಾಸ. ಕಾರು ನಿಲ್ಲುವ ಮೊದಲೇ ಅತ್ತಿಗೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಅವರ ಶಿಷ್ಯರು ಹೆದ್ದಾರಿ ಕಂಡರೆ ಬೆವರುತ್ತಾರೆ. ಬಾಗಿಲ ಮುಂದೆ ಗಾಡಿ ನಿಲ್ಲಿಸುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ.

"ಡಾಕ್ಟರಿಗೆ ತೋರ್ಸಿ ಅತ್ತಿಗೆ" ಎಂದರೆ, "ನಿನ್ನ ಕೈಯಡುಗೆ ತಿಂದ್ರೆ ಇನ್ನೇನಾಗುತ್ತೆ?" ಎನ್ನುತ್ತಿದ್ದರು. ನನ್ನ ಅಡುಗೆ ಅಷ್ಟೇನೂ ಕೆಟ್ಟದ್ದಲ್ಲ.

ಒಂದು ಬೆಳಿಗ್ಗೆ ಬಂಕಿನ ಶೌಚಾಲಯದಿಂದ ಹೊರಬಂದವರ ಮುಖ ಬಿಳಿಚಿಕೊಂಡಿತ್ತು.

"ರಕ್ತ ಹೋಗ್ತಿದೆ ಕಣೆ, ಬಹಳ ದಿನದಿಂದ. ಅದೇ ವಾಪಸ್ ಬಂದಿದೆ. ನಿಮ್ಮಣ್ಣಂಗೆ ಹೇಳ್ಬೇಡ. ಮನೆಗೆ ನಡಿ."

ನಾನು ಕಾರನ್ನು ಆಸ್ಪತ್ರೆಯ ಕಡೆ ತಿರುಗಿಸಿದೆ. ಅತ್ತಿಗೆ ತಮ್ಮ ಬ್ರೇಕು ತುಳಿದರು. ನಾನು ಆಕ್ಸಿಲರೇಟರ್ ತುಳಿದೆ. ಕಾರು ನಡುರಸ್ತೆಯಲ್ಲಿ ಗೊರಗೊರ ಎಂದಿತೇ ಹೊರತು ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ.

"ಕಾಲು ತೆಗೀರಿ ಅತ್ತಿಗೆ!"

"ಮೊದಲು ಇಂಡಿಕೇಟರ್ ಹಾಕೆ! ಇಷ್ಟು ದಿನ ಏನು ಕಲ್ತೆ?"

"ಹಾಕ್ತೀನಿ, ನೀವು ಕಾಲು ತೆಗೀರಿ. ನಂಗೂ ಭಯ ಆಗ್ತಿದೆ." ಹೇಳುವಾಗ ನನಗೆ ಅಳುವೇ ಬಂತು.

ಅವರು ಕಾಲು ತೆಗೆದರು. ಮೂರನೇ ಗೇರು ಯಾವಾಗ ಬಿತ್ತೋ ನನಗೇ ತಿಳಿಯದು.

ಡಾಕ್ಟರು ಕ್ಯಾಮೆರಾ ಇರುವ ನಳಿಕೆಯನ್ನು ಕರುಳಿನೊಳಗೆ ಹಾಕಿ ನೋಡಿದರು. "ಕ್ಯಾನ್ಸರ್ ಅಲ್ಲಮ್ಮ. ರೇಡಿಯೇಷನ್ ಏಟು ಕರುಳಿಗೂ ಬಿದ್ದಿದೆ, ಒಳಪದರ ಗಾಸಿಯಾಗಿದೆ. ಚಿಕಿತ್ಸೆ ಇದೆ. ಇಷ್ಟು ದಿನ ಯಾಕೆ ಬರ್ಲಿಲ್ಲ?"

ಈಗ ಡಾಕ್ಟರಿಗೂ ಬೈಗುಳ ಗ್ಯಾರಂಟಿ ಎಂದುಕೊಂಡೆ. ಅತ್ತಿಗೆ ನನ್ನ ಕೈ ಹಿಡಿದು ಅತ್ತುಬಿಟ್ಟರು. "ಕೇಳದೆ ಇದ್ರೆ ಇನ್ನೊಂದಿಷ್ಟು ದಿನ ಎಲ್ಲರ ಜೊತೆ ನಗ್ತಾ ಇರಬಹುದು ಅನ್ಕೊಂಡೆ ಡಾಕ್ಟ್ರೇ."



ಹೊರಗೆ ಬಂದು ಮೂಗು ಒರೆಸಿಕೊಂಡು ಅವರೇ ಅಣ್ಣನಿಗೆ ಫೋನ್ ಮಾಡಿದರು.

"ರೀ, ಎಲ್ಲ ಆಮೇಲೆ ಹೇಳ್ತೀನಿ. ನಾನು ಸಾಯೋದಿಲ್ವಂತೆ. ಆದ್ರೆ ವಾಪಸ್ ನಿಮ್ಮ ತಂಗಿನೇ ಕಾರು ಓಡಿಸ್ತಾಳೆ, ಅದಕ್ಕೇ ಖಾತ್ರಿಯಾಗಿ ಹೇಳೋಕಾಗ್ತಿಲ್ಲ."